ಪಾಳಿ

ಕಳೆದ ಮೇ ತಿಂಗಳ ರಜೆಯಲ್ಲಿ ಮಕ್ಕಳನ್ನು ಮುಂಬಯಿ ಸುತ್ತಮುತ್ತಲಿನ ಒಂದು ಮನೋರಂಜನಾ ಪಾರ್ಕಿಗೆ ಕರೆದೊಯ್ಯುವುದೆಂದು ನಮ್ಮ ಮನೆಯಲ್ಲಿ ನಿರ್ಧಾರವಾಯಿತು. ಮೂರು ವರ್ಷಗಳಿಂದ ‘ಮುಂದಿನ ರಜೆಗೆ’ ಎಂದು ತಳ್ಳಿಕೊಂಡು ಬಂದದ್ದು ಇನ್ನು ತಳ್ಳಲಾಗದ ಹಂತಕ್ಕೆ ಬಂತು ಎನ್ನುವುದೇ ಹೆಚ್ಚು ಸರಿ. ಕೇಂದ್ರ ಸರಕಾರದ ನೌಕರನಿಗೆ ಎಲ್‌ಟಿಸಿ ಎಂಬ ಅನುಕೂಲವಿದೆ. ಅದರಲ್ಲಿ ಊರಿಗೆ ಹೋಗಿಬರುವ ರೈಲಿನ ಖರ್ಚು ಸಿಗುತ್ತದೆಯೇ ಹೊರತು ಪಾರ್ಕಿನ ಟಿಕೆಟ್ಟು ಸಿಗುವುದಿಲ್ಲ. ಆದಕಾರಣ ನಮ್ಮ ಮಕ್ಕಳ ಪಾಲಿಗೆ ರಜೆಯೆಂದರೆ ಕಲ್ಯಾಣದಲ್ಲಿ ರೈಲು ಹತ್ತಿ ಗದಗಿನಲ್ಲಿ ಇಳಿಯುವುದು, ಜೂನ್ ಮೊದಲ ವಾರ ಅದೇ ಹಾದಿಯಲ್ಲಿ ಡೊಂಬಿವಲಿಗೆ ಮರಳುವುದು. ಮಗ ಈಗ ಐದನೆಯ ಇಯತ್ತೆ, ಮಗಳು ಎಂಟನೆಯದು. ಇನ್ನೆರಡು ವರ್ಷ ಕಳೆದರೆ ಮಗಳು ನಮ್ಮ ಜೊತೆ ಬರಲಿಕ್ಕೇ ಒಪ್ಪಲಾರಳು ಎಂದು ಹೆಂಡತಿ ಹೇಳಿದ ಮಾತು ನನ್ನನ್ನು ಗೆದ್ದಿತು.

ಒಂದು ರಾತ್ರಿ ಊಟವಾದ ಮೇಲೆ ಎಲ್ಲರೂ ಫೋನಿನ ಸುತ್ತ ಕುಳಿತು ಟಿಕೆಟ್ಟು ತೆಗೆಯಲು ಹೊರಟೆವು. ದೊಡ್ಡವರು ಎಷ್ಟು, ಮಕ್ಕಳು ಎಷ್ಟು, ಹಿರಿಯರು ಎಷ್ಟು ಎಂದು ಕೇಳಿತು. ಮಗುವೆಂದರೆ ಇಲ್ಲಿ ವಯಸ್ಸಲ್ಲ, ಎತ್ತರ; ಹಾಗಾಗಿ ಮಗನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಪೆನ್ಸಿಲ್ ಗೆರೆ ಎಳೆದದ್ದಾಯಿತು. ಐವರ ಲೆಕ್ಕ ಮುಗಿದು ಹಣ ಕಟ್ಟಬೇಕು ಎನ್ನುವಾಗ ಇನ್ನೊಂದು ಪ್ರಶ್ನೆ ಬಂತು: ‘ಎಕ್ಸ್‌ಪ್ರೆಸ್’ ಬೇಕೆ? ಅಂದರೆ ಇನ್ನಷ್ಟು ದುಡ್ಡು ಕೊಟ್ಟರೆ ಪ್ರತಿಯೊಂದು ಆಟಕ್ಕೂ ಬೇರೆ ಬಾಗಿಲು. ಸಾಲಿನಲ್ಲಿ ನಿಲ್ಲುವ ಗೋಜಿಲ್ಲ. ಯಾವ ಪಾರ್ಕೆಂಬುದು ಇಲ್ಲಿ ಮುಖ್ಯವಲ್ಲ. ಈ ಪದ್ಧತಿ ಈಗ ನಮ್ಮ ದೇಶದ ದೊಡ್ಡ ಪಾರ್ಕುಗಳಲ್ಲಿಯೂ ಇದೆ, ಪರದೇಶದಲ್ಲಿಯೂ ಇದೆ.

ಐವರಿಗೂ ಅದನ್ನು ಕೊಳ್ಳುವ ಶಕ್ತಿ ನಮಗಿರಲಿಲ್ಲ. ಆ ಮೊತ್ತದಲ್ಲಿ ನಮ್ಮ ಮನೆಯ ಒಂದು ತಿಂಗಳ ಕಿರಾಣಿ ನಡೆಯುತ್ತದೆ. ಕೊನೆಗೆ ಮಕ್ಕಳಿಬ್ಬರಿಗೆ ಎಕ್ಸ್‌ಪ್ರೆಸ್, ನಮಗೆ ಸಾದಾ ಎಂದು ಮಾಡಿದೆವು. ಮಕ್ಕಳಾದರೂ ಬಿಸಿಲಲ್ಲಿ ನಿಲ್ಲದಿರಲಿ ಎಂಬುದು ತಂದೆತಾಯಿಯ ಸಹಜ ವಿಚಾರ. ಅವ್ವ ಮಾತ್ರ ಹಾಸಿಗೆ ಬಿಡಿಸುತ್ತ, ‘ಅಲ್ಲೋ, ರೊಕ್ಕಾ ಕೊಟ್ಟ್ರ ಪಾಳಿ ಮುರೀಬಹುದೇನು?’ ಎಂದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ನಮ್ಮ ಉತ್ತರ ಕರ್ನಾಟಕದ ಕಡೆ ಸಾಲಿನಲ್ಲಿ ನಿಲ್ಲುವುದಕ್ಕೆ ‘ಪಾಳಿ ಹಚ್ಚುವುದು’ ಎನ್ನುತ್ತಾರೆ. ಪಾಳಿ ಎಂದರೆ ಸಾಲೂ ಹೌದು, ಸರದಿಯೂ ಹೌದು. ನಿಂತ ಜಾಗಕ್ಕೂ ಬರಬೇಕಾದ ಹಕ್ಕಿಗೂ ಒಂದೇ ಶಬ್ದ.

ನಾನು ಹುಡುಗನಾಗಿದ್ದಾಗ ತೋಂಟದಾರ್ಯ ಜಾತ್ರೆಯಲ್ಲಿ ತೊಟ್ಟಿಲು ಬರುತ್ತಿತ್ತು. ಒಂದು ಸುತ್ತಿಗೆ ಇಷ್ಟು ಎಂದು ದರ. ದುಡ್ಡಿದ್ದವನು ಐದು ಸಲ ಹತ್ತಿದ, ನಾನು ಒಂದು ಸಲ ಹತ್ತಿದೆ. ಹೊಟ್ಟೆಕಿಚ್ಚೇನೋ ಆಗುತ್ತಿತ್ತು, ಅನ್ಯಾಯವೆನಿಸುತ್ತಿರಲಿಲ್ಲ. ಏಕೆಂದರೆ ಅವನೂ ಪ್ರತಿಸಲ ಇಳಿದು ನನ್ನ ಹಿಂದೆ ಬಂದು ನಿಲ್ಲಬೇಕಾಗಿತ್ತು. ಆದರೆ ಪೂರ್ತಿ ಸತ್ಯ ಹೇಳಬೇಕೆಂದರೆ, ಒಬ್ಬ ಸಾಹುಕಾರರ ಮಗ ಬಂದಾಗ ತೊಟ್ಟಿಲಿನವನು ಎಲ್ಲರನ್ನೂ ಬಿಟ್ಟು ಅವನನ್ನೇ ಎತ್ತಿ ಕೂಡಿಸುತ್ತಿದ್ದ, ಅದೂ ದುಡ್ಡಿಲ್ಲದೆ. ಹಾಗಾಗಿ ಹಿಂದಿನ ಕಾಲದಲ್ಲಿ ಪಾಳಿ ಪವಿತ್ರವಾಗಿತ್ತು, ಈಗ ಕೆಟ್ಟಿತು ಎಂಬ ಹಾಡನ್ನು ನಾನು ಹಾಡಲಾರೆ. ಆಗ ಹೆಸರು ನೋಡಿ ಪಾಳಿ ಮುರಿಯುತ್ತಿದ್ದರು, ಈಗ ಹಣ ನೋಡಿ. ಊಟದ ಪಂಕ್ತಿಯಲ್ಲಿ ಜಾತಿ ನೋಡಿ ಬೇರೆ ಕೂಡಿಸುವ ಪಂಕ್ತಿಭೇದದ ವಿರುದ್ಧ ನಮ್ಮ ನಾಡಿನಲ್ಲಿ ಹೋರಾಟಗಳೇ ನಡೆದಿವೆ. ಮುಂಬಯಿಗೆ ಬಂದ ನಮ್ಮ ಹಿರಿಯರಿಗೆ ಈ ನಗರ ಕೊಟ್ಟ ದೊಡ್ಡ ಸಮಾಧಾನವೆಂದರೆ ಇಲ್ಲಿಯ ಕ್ಯೂ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಡೊಂಬಿವಲಿ ಸ್ಟೇಶನ್ನಿನ ಹೊರಗೆ ಎಂಐಡಿಸಿ ಕಡೆಯ ಶೇರ್ ರಿಕ್ಷಾಕ್ಕೆ ಸಂಜೆ ಸಾಲು ನಿಂತಾಗ ಮುಂದೆ ಒಬ್ಬ ಕಾರಖಾನೆಯ ಮ್ಯಾನೇಜರು, ಹಿಂದೆ ಒಬ್ಬ ಹಮಾಲ. ಯಾರ ಮನೆತನ ಏನು ಎಂದು ಯಾರೂ ಕೇಳುವುದಿಲ್ಲ. ನಡುವೆ ನುಗ್ಗಿದವನಿಗೆ ಮಾತ್ರ ಮರಾಠಿಯಲ್ಲಿ ಮಂಗಳಾರತಿ.

ನನ್ನ ಕಚೇರಿಯ ಸಹೋದ್ಯೋಗಿಯೊಬ್ಬರು ಈ ಚರ್ಚೆಯನ್ನು ಕೇಳಿ ನಕ್ಕರು. ‘ನೀವು ಟಿಕೆಟ್ಟಿಗೆ ಹೆಚ್ಚು ಕೊಟ್ಟಿರಿ, ಹೆಚ್ಚು ಸೌಕರ್ಯ ಪಡೆದಿರಿ. ವಿಮಾನದಲ್ಲಿ ಬಿಸಿನೆಸ್ ಕ್ಲಾಸು ಇಲ್ಲವೇ? ಲೋಕಲಿನಲ್ಲಿ ಫಸ್ಟ್‌ಕ್ಲಾಸು ಇಲ್ಲವೇ? ಇದರಲ್ಲಿ ನೀತಿಶಾಸ್ತ್ರ ಎಲ್ಲಿಂದ ಬಂತು?’ ಎಂದರು. ಆಕ್ಷೇಪ ಗಟ್ಟಿಯಾದದ್ದೇ. ಆದರೆ ಬಿಸಿನೆಸ್ ಕ್ಲಾಸಿನವನ ಕುರ್ಚಿ ಅಗಲವೆಂದು ವಿಮಾನ ಅವನನ್ನು ಮೊದಲು ದಿಲ್ಲಿಗೆ ಇಳಿಸಿ, ಆಮೇಲೆ ಮರಳಿ ಬಂದು ನನ್ನನ್ನು ಒಯ್ಯುವುದಿಲ್ಲ. ಫಸ್ಟ್‌ಕ್ಲಾಸಿನವನೂ ನಾನೂ ಒಂದೇ ನಿಮಿಷಕ್ಕೆ ಸಿಎಸ್‌ಎಂಟಿ ತಲುಪುತ್ತೇವೆ. ಅವನು ಕೊಂಡದ್ದು ಮೆತ್ತನೆಯ ಆಸನ, ನನ್ನ ವೇಳೆಯನ್ನಲ್ಲ.

ಎಕ್ಸ್‌ಪ್ರೆಸ್ ಟಿಕೆಟ್ಟಿನ ಮಾತು ಬೇರೆ. ಬಿಎಸ್ಸಿ ಓದಿದ್ದ ತಪ್ಪಿಗೆ ನಾನು ಒಂದು ಲೆಕ್ಕ ಹಾಕಿ ನೋಡಿದೆ. ಒಂದು ಆಟದ ಗಾಡಿಯಲ್ಲಿ 24 ಜನ ಕೂಡುತ್ತಾರೆ, ಹತ್ತಿ ಇಳಿಯುವುದೂ ಸೇರಿ ಒಂದು ಸುತ್ತಿಗೆ 4 ನಿಮಿಷ ಎಂದಿಟ್ಟುಕೊಳ್ಳಿ. ತಾಸಿಗೆ 360 ಜನ. ನನ್ನ ಮುಂದೆ 360 ಜನರಿದ್ದರೆ ನಾನು ಒಂದು ತಾಸು ಕಾಯಬೇಕು. ಈಗ ಪ್ರತಿ ಸುತ್ತಿನಲ್ಲಿ 8 ಆಸನ ಎಕ್ಸ್‌ಪ್ರೆಸ್ಸಿನವರಿಗೆ ಹೋದರೆ ನಮ್ಮ ಸಾಲಿಗೆ ಉಳಿಯುವುದು 16. ಅದೇ 360 ಜನ ಮುಗಿಯಲು 90 ನಿಮಿಷ ಬೇಕು. ನನ್ನ ಅರ್ಧ ತಾಸು ಎಲ್ಲಿ ಹೋಯಿತು? ಗಾಡಿ ವೇಗವಾಗಿ ಓಡಲಿಲ್ಲ, ಆಸನ ಹೆಚ್ಚಲಿಲ್ಲ. ಎಂಟು ಮಂದಿ ಉಳಿಸಿಕೊಂಡ ಹೊತ್ತು ಸಾಲಿನಲ್ಲಿ ನಿಂತವರಿಂದಲೇ ಬಂದದ್ದು. ಕಾಯುವ ಸಾಲಿನ ಗಣಿತಕ್ಕೆ 1909ರಷ್ಟು ಹಿಂದೆಯೇ ಅಡಿಪಾಯ ಹಾಕಿದವರು ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬವರು. ಎಷ್ಟು ಕರೆಗೆ ಎಷ್ಟು ತಂತಿ ಬೇಕು ಎಂಬುದು ಅವರ ಚಿಂತೆಯಾಗಿತ್ತು. ಯಾರ ಹೊತ್ತನ್ನು ಯಾರು ಮಾರಬಹುದು ಎಂಬುದು ಗಣಿತದ ಪ್ರಶ್ನೆಯಲ್ಲ. ಆದರೆ ಹೊತ್ತು ಯಾರ ಜೇಬಿನಿಂದ ಹೋಯಿತೆಂದು ಗಣಿತ ತೋರಿಸಿಕೊಡುತ್ತದೆ.

ಪಾರ್ಕಿನ ಯಜಮಾನರು ಆಟವನ್ನು ಕಟ್ಟಿದ್ದಾರೆ, ಅದನ್ನು ಮಾರುವ ಹಕ್ಕು ಅವರದು. ಆದರೆ ಎಕ್ಸ್‌ಪ್ರೆಸ್ಸಿನಲ್ಲಿ ಅವರು ಮಾರುವುದು ಆಟವನ್ನಲ್ಲ, ಇನ್ನೊಬ್ಬ ಗಿರಾಕಿಯ ಹೊತ್ತನ್ನು. ಅದು ಅವರ ಸ್ವತ್ತೇ? ‘ಆ ಹೆಚ್ಚಿನ ಹಣದಿಂದ ಸಾದಾ ಟಿಕೆಟ್ಟು ಅಗ್ಗವಾಗುತ್ತದೆ’ ಎನ್ನಬಹುದು. ಆಗುತ್ತಿರಲೂಬಹುದು. ಹಾಗಿದ್ದರೆ ‘ನಿಮ್ಮ ಸಾಲು ಇಷ್ಟು ನಿಧಾನವಾಗುತ್ತದೆ, ಅದಕ್ಕಾಗಿ ಇಷ್ಟು ರೂಪಾಯಿ ಕಡಿಮೆ’ ಎಂದು ಸಾದಾ ಟಿಕೆಟ್ಟಿನ ಮೇಲೆ ಬರೆದುಕೊಡಲಿ. ಆಗ ಅದು ಇಬ್ಬರೂ ಒಪ್ಪಿದ ವ್ಯಾಪಾರ.

ಈ ವಿಷಯದಲ್ಲಿ ಅಮೆರಿಕೆಯ ಡಿಸ್ನಿಯವರ ಕಥೆ ತಿಳಿದುಕೊಳ್ಳುವಂಥದು. 1955ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೊದಲ ವರ್ಷಗಳಲ್ಲಿ ನಮ್ಮ ಜಾತ್ರೆಯಂತೆಯೇ ಆಟಕ್ಕೊಂದು ಚೀಟಿ ಇತ್ತು. ಆ ಚೀಟಿಗಳ ಪುಸ್ತಕ 1982ರಲ್ಲಿ ನಿಂತು ಒಂದೇ ಪ್ರವೇಶದರ ಬಂತು. 1999ರಲ್ಲಿ ಅವರು ‘ಫಾಸ್ಟ್‌ಪಾಸ್’ ಎಂದು ತಂದರು: ಯಂತ್ರದಿಂದ ಒಂದು ಚೀಟಿ ತೆಗೆದುಕೊಂಡರೆ ಇಂಥ ವೇಳೆಗೆ ಬನ್ನಿ ಎಂದು ಬರೆದಿರುತ್ತಿತ್ತು. ಬ್ಯಾಂಕಿನಲ್ಲಿ ಹಿತ್ತಾಳೆಯ ಬಿಲ್ಲೆ ಹಿಡಿದು ಬೆಂಚಿನ ಮೇಲೆ ಕೂತಂತೆ. ಪ್ರವೇಶ ಟಿಕೆಟ್ಟು ಇದ್ದ ಎಲ್ಲರಿಗೂ ಅದು ಪುಕ್ಕಟೆ. ಪಾಳಿ ಮುರಿಯಲಿಲ್ಲ, ನಿಲ್ಲುವ ಶ್ರಮ ಮಾತ್ರ ತಪ್ಪಿತು. 2021ರಲ್ಲಿ ಅದನ್ನು ನಿಲ್ಲಿಸಿ ಅದರ ಜಾಗದಲ್ಲಿ ಹಣ ಕೊಟ್ಟು ಕೊಳ್ಳುವ ಏರ್ಪಾಟು ತಂದರು. ಹಾರ್ವರ್ಡಿನ ಪ್ರಾಧ್ಯಾಪಕ ಮೈಕೆಲ್ ಸ್ಯಾಂಡೆಲ್ ಅವರು 2012ರ ತಮ್ಮ ಪುಸ್ತಕದಲ್ಲಿ, ಹಣದಿಂದ ಏನೇನನ್ನು ಕೊಳ್ಳಬಾರದು ಎಂಬ ವಿಚಾರದಲ್ಲಿ, ಇಂಥ ಸಾಲುಗಳನ್ನೇ ಮೊದಲು ಎತ್ತಿಕೊಂಡಿದ್ದಾರೆ. ಅಲ್ಲಿ ಬೇರೆಯವರ ಬದಲಿಗೆ ಕೂಲಿಗೆ ನಿಲ್ಲುವ ಜನರೂ ಇದ್ದಾರಂತೆ. ನಮ್ಮಲ್ಲಿ ಕೂಲಿಯವನ ಬದಲು ಚಪ್ಪಲಿಯನ್ನೋ ಇಟ್ಟಿಗೆಯನ್ನೋ ಇಟ್ಟು ಹೋಗುತ್ತೇವೆ, ಅಷ್ಟೇ.

ಆದರೆ ದೂರದ ಅಮೆರಿಕೆಯೇಕೆ? ನಮ್ಮ ಮಧ್ಯರೇಲ್ವೆಯಲ್ಲಿಯೇ ಇದು ನಡೆದಿದೆ. ಆಗಸ್ಟ್ 2022ರಲ್ಲಿ ಏಸಿ ಲೋಕಲುಗಳ ಸಂಖ್ಯೆಯನ್ನು ಹೆಚ್ಚಿಸಿದಾಗ ಕಳವಾ, ಬದಲಾಪುರದ ಪ್ರಯಾಣಿಕರು ಪ್ರತಿಭಟಿಸಿದರು. ಏಸಿ ಗಾಡಿಯ ಮೇಲೆ ಅವರಿಗೇನು ದ್ವೇಷ? ಅದು ಹೆಚ್ಚಿನ ಗಾಡಿಯಾಗಿ ಬರದೆ ಸಾದಾ ಗಾಡಿಯ ವೇಳೆಯಲ್ಲಿ ಬಂತು ಎಂಬುದೇ ಜಗಳ. ಹಳಿ ಒಂದೇ, ನಿಮಿಷ ಒಂದೇ. ಹೆಚ್ಚು ಕೊಟ್ಟವನು ಆ ನಿಮಿಷವನ್ನು ತೆಗೆದುಕೊಂಡರೆ ಪಾಸಿನವನು ಮುಂದಿನ ಗಾಡಿಯ ಬಾಗಿಲಿಗೆ ಜೋತುಬೀಳಬೇಕು. ಕೆಲವೇ ದಿನಗಳಲ್ಲಿ ರೇಲ್ವೆಯವರು ಹತ್ತು ಏಸಿ ಸೇವೆಗಳನ್ನು ಹಿಂತೆಗೆದುಕೊಂಡು ಸಾದಾ ಗಾಡಿಗಳನ್ನೇ ಬಿಟ್ಟರು. ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಬೆಳಿಗ್ಗೆ ನಿಂತವರಿಗೆ ಈ ವಾದವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ.

ಇಷ್ಟು ಬರೆದ ನಾನು ಶುದ್ಧನಲ್ಲ. ಸೋದರತ್ತೆ ತೀರಿಕೊಂಡಾಗ ತತ್ಕಾಲದಲ್ಲಿ ಟಿಕೆಟ್ಟು ತೆಗೆದು ಅವ್ವನನ್ನು ಊರಿಗೆ ಒಯ್ದೆ. ವೇಟಿಂಗ್ ಲಿಸ್ಟಿನಲ್ಲಿ ತಿಂಗಳ ಹಿಂದೆಯೇ ಹೆಸರು ಹಚ್ಚಿದವನೊಬ್ಬ ಅಂದು ಪ್ಲಾಟ್‌ಫಾರ್ಮಿನಲ್ಲಿ ಉಳಿದಿರಬಹುದು. 1997ರಲ್ಲಿ ತತ್ಕಾಲ ಯೋಜನೆ ಬಂದದ್ದು ಅವಸರದ ಪ್ರಯಾಣಿಕರಿಗಾಗಿ; ಸಾವು ಅಂಥ ಅವಸರ. ಆದರೆ ಅದೇ ತತ್ಕಾಲದಲ್ಲಿ ಮದುವೆಯ ಊಟಕ್ಕೂ ನಾನು ಹೋದದ್ದುಂಟು. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ಪ್ರವೇಶದ ಚೀಟಿ ಹಿಡಿದು, ಧರ್ಮದರ್ಶನದ ಜನ ಕಟಕಟೆಯಾಚೆ ಮಲಗಿದ್ದನ್ನು ನೋಡುತ್ತ ಮುಂದೆ ನಡೆದದ್ದೂ ಉಂಟು. ಆಗ ಅವ್ವ ಜೊತೆಗಿದ್ದಳು, ಪಾಳಿಯ ಮಾತು ಎತ್ತಲಿಲ್ಲ. ಇದನ್ನು ನೆನಪಿಸಿದರೆ, ‘ಅದು ದೇವರ ಕೆಲಸ’ ಎನ್ನುತ್ತಾಳೆ. ನನಗೇನೋ ದೇವರ ಮುಂದೆ ಹೆಚ್ಚು ನಾಚಿಕೆಯಾಗಬೇಕಿತ್ತು ಅನ್ನಿಸುತ್ತದೆ.

ಇರಲಿ, ಪಾರ್ಕಿಗೆ ಬರೋಣ. ಬಾಗಿಲಲ್ಲಿ ಮಕ್ಕಳ ಕೈಗೆ ಬೇರೆ ಬಣ್ಣದ ಪಟ್ಟಿ ಕಟ್ಟಿದರು. ಮೊದಲ ಆಟದಲ್ಲಿಯೇ ನಾವು ಎರಡು ಪಾಳಿಯಾದೆವು. ನಾನೂ ಹೆಂಡತಿಯೂ ಕಬ್ಬಿಣದ ಕಟಕಟೆಗಳ ನಡುವೆ ಹಾವಿನಂತೆ ಸುತ್ತುವ ಸಾಲಿನಲ್ಲಿ, ಮಕ್ಕಳು ಪಕ್ಕದ ಖಾಲಿ ಹಾದಿಯಲ್ಲಿ. ನಾವು ಒಂದು ತಿರುವು ದಾಟುವುದರೊಳಗೆ ಅವರು ಆಟ ಮುಗಿಸಿ ಹೊರಗೆ ನಿಂತಿದ್ದರು. ನನ್ನ ಮುಂದಿದ್ದ ಐದಾರು ವರ್ಷದ ಹುಡುಗಿಯೊಬ್ಬಳು ತನ್ನ ತಾಯಿಯನ್ನು ಮರಾಠಿಯಲ್ಲಿ ಕೇಳಿದಳು: ಅವರು ಆಮೇಲೆ ಬಂದರಲ್ಲ, ಮೊದಲು ಹೇಗೆ ಹೋದರು? ‘ಅವರು’ ಅಂದರೆ ನನ್ನ ಮಕ್ಕಳು. ತಾಯಿ ನನ್ನತ್ತ ನೋಡಲಿಲ್ಲ, ನೋಡಲು ಕಾರಣವೂ ಇರಲಿಲ್ಲ. ನಾನು ಮಾತ್ರ ಮುಖ ತಿರುಗಿಸಿದೆ.

ಮಧ್ಯಾಹ್ನದ ಹೊತ್ತಿಗೆ ಮಗ ಪಟ್ಟಿ ಕಾಣುವಂತೆ ಕೈ ಎತ್ತಿಕೊಂಡೇ ನಡೆಯುತ್ತಿದ್ದ. ಒಂದು ಕಡೆ ಯಾರೋ ಹುಡುಗರಿಗೆ ‘ನಾವು ಎಕ್ಸ್‌ಪ್ರೆಸ್’ ಎಂದು ಹೇಳಿದ್ದು ಕಿವಿಗೆ ಬಿತ್ತು. ಮಗಳಿಗೆ ಬೇರೆಯೇ ಆಯಿತು. ನಮ್ಮ ಎಂಐಡಿಸಿ ವಸತಿಯ ಅವಳ ಶಾಲೆಯ ಗೆಳತಿಯೊಬ್ಬಳು ಸಾದಾ ಸಾಲಿನಲ್ಲಿ ತಂದೆತಾಯಿಯ ಜೊತೆ ನಿಂತಿದ್ದಳಂತೆ. ಇವಳು ತೋಳನ್ನು ಕೆಳಗೆ ಎಳೆದು ಪಟ್ಟಿಯನ್ನು ಮುಚ್ಚಿಕೊಂಡು, ತಲೆ ತಗ್ಗಿಸಿ ದಾಟಿಹೋದಳಂತೆ. ರಾತ್ರಿ ಮನೆಗೆ ಬಂದ ಮೇಲೆ ತಾಯಿಯ ಹತ್ತಿರ ಇದನ್ನು ಹೇಳಿದಳು. ಒಂದೇ ಟಿಕೆಟ್ಟು, ಒಂದೇ ಮನೆಯ ಇಬ್ಬರು ಮಕ್ಕಳು. ಒಬ್ಬನಿಗೆ ಜಂಭ, ಒಬ್ಬಳಿಗೆ ನಾಚಿಕೆ. ದುಡ್ಡು ಕೊಟ್ಟು ಇವೆರಡನ್ನು ನಾನೇ ಮನೆಗೆ ತಂದೆನಲ್ಲ ಎಂದು ಆ ರಾತ್ರಿ ನಿದ್ರೆ ತಡವಾಯಿತು.

ಹಣಕ್ಕೆ ಬಗ್ಗದ ಒಂದು ವಸ್ತುವನ್ನು ಅಲ್ಲಿ ನೋಡಿದೆ: ದೊಡ್ಡ ಆಟಗಳ ಬಾಗಿಲಲ್ಲಿರುವ ಎತ್ತರದ ಕಂಬ. ಒಂದು ಆಟಕ್ಕೆ ನಮ್ಮ ಮಗ ಎರಡು ಬೆರಳು ಕಡಿಮೆಯಾದ. ಎಕ್ಸ್‌ಪ್ರೆಸ್ ಪಟ್ಟಿ ತೋರಿಸಿದ, ಕಾಲ ತುದಿಯಲ್ಲಿ ನಿಂತ. ಕಾವಲಿನ ಹುಡುಗ ನಗುತ್ತಲೇ ತಲೆಯಾಡಿಸಿದ. ಅಲ್ಲಿ ಮಗ ಅತ್ತರೂ ನನಗೆ ಬೇಸರವಾಗಲಿಲ್ಲ.

ಇನ್ನೊಂದು ಸಂಗತಿಯನ್ನು ಹೇಳಬೇಕು. ಅವ್ವ ಆಟಗಳಿಗೆ ಬರುವವಳಲ್ಲ. ಸಂಜೆ ಒಂದು ಕುಳಿತು ನೋಡುವ ತಮಾಷೆಯಿತ್ತು, ಅದಕ್ಕೆ ಎಲ್ಲರೂ ಸಾದಾ ಸಾಲಿನಲ್ಲಿಯೇ ನಿಂತೆವು. ಹತ್ತು ನಿಮಿಷದಲ್ಲಿ ಅವ್ವನ ಮೊಣಕಾಲು ಹಿಡಿದುಕೊಂಡಿತು. ಕಟಕಟೆಗೆ ಆತು ನಿಂತಳು. ಮುಂದಿದ್ದ ಗುಜರಾತಿ ಕುಟುಂಬದ ಹೆಂಗಸೊಬ್ಬಳು ನೋಡಿ ‘ಆಜಿ, ಪುಢೇ ಯಾ’ ಎಂದಳು. ಅವಳ ಮುಂದಿನವರು ಸರಿದರು, ಅವರ ಮುಂದಿನವರೂ ಸರಿದರು. ಎಪ್ಪತ್ತೆಂಬತ್ತು ಜನ ಒಬ್ಬೊಬ್ಬರಾಗಿ ಜಾಗ ಬಿಟ್ಟು ಅವ್ವನನ್ನು ಬಾಗಿಲವರೆಗೆ ದಾಟಿಸಿದರು. ಯಾರೂ ಗೊಣಗಲಿಲ್ಲ. ಅದೂ ಪಾಳಿ ಮುರಿದದ್ದೇ. ಆದರೆ ಅಲ್ಲಿ ಹೊತ್ತನ್ನು ಕೊಟ್ಟವರು ಆ ಹೊತ್ತಿನ ಒಡೆಯರೇ ಆಗಿದ್ದರು.

ಒಳಗೆ ಕೂತ ಮೇಲೆ ಅವ್ವ ನನ್ನ ಕಿವಿಯಲ್ಲಿ, ‘ಎಷ್ಟ ಕೊಟ್ಟಿ ಅವರಿಗೆ?’ ಎಂದು ಕೇಳಿದಳು. ಏನೂ ಕೊಡಲಿಲ್ಲವೆಂದರೆ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ದೀಪಾವಳಿಯ ರಜೆಗೆ ಮಗ ಮತ್ತೆ ಹಟ ಹಿಡಿದಿದ್ದಾನೆ. ಆ ಬಣ್ಣದ ಪಟ್ಟಿ ಇನ್ನೂ ಅವನ ಕಂಪಾಸ್ ಪೆಟ್ಟಿಗೆಯಲ್ಲಿದೆ. ಹೋಗುವುದಾದರೆ ಎಲ್ಲರಿಗೂ ಸಾದಾ ಟಿಕೆಟ್ಟೇ ಸಾಕು ಎನ್ನುತ್ತಾಳೆ ಮಗಳು. ಹಾಗಾದರೆ ದಿನಕ್ಕೆ ನಾಲ್ಕು ಆಟವೂ ಆಗುವುದಿಲ್ಲ ಎಂದು ಮಗನ ಲೆಕ್ಕ. ಅವನ ಲೆಕ್ಕವೇನೂ ತಪ್ಪಲ್ಲ. ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆಯ ಮೇಲೆ ನಿನ್ನೆ ಇನ್ನೊಂದು ಗೆರೆ ಎಳೆದಿದ್ದಾನೆ. ಮುಕ್ಕಾಲು ಬೆರಳು ಬೆಳೆದಿದ್ದಾನೆ.