ನಮ್ಮವರು

ಚುನಾವಣೆ ಹತ್ತಿರ ಬಂತೆಂದರೆ ನಮ್ಮ ಉಳ್ಳಾಲದ ಕಡೆ ಮೀನು ಮಾರುವಲ್ಲಿ, ತೊಕ್ಕೊಟ್ಟಿನ ಬಸ್ ನಿಲ್ದಾಣದಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕಿವಿಗೆ ಬೀಳುತ್ತದೆ. “ಈ ಸಲ ನಮ್ಮವರು ಯಾರು ನಿಂತಿದ್ದಾರೆ?” ಕೇಳುವವರ ದನಿಯಲ್ಲಿ ದ್ವೇಷವೇನೂ ಇರುವುದಿಲ್ಲ. ಇವತ್ತು ಬಂಗುಡೆಗೆ ಎಷ್ಟು ಎಂದು ಕೇಳಿದಷ್ಟೇ ಸಹಜವಾಗಿ ಕೇಳುತ್ತಾರೆ. ಉತ್ತರ ಸಿಕ್ಕಿದರೆ ತಲೆಯಾಡಿಸಿ ಸುಮ್ಮನಾಗುತ್ತಾರೆ. ನನಗೆ ಮಾತ್ರ ಈ ಪುಟ್ಟ ಶಬ್ದ ಬಹಳ ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನಂತೆ ಚುಚ್ಚುತ್ತಿದೆ. ನಮ್ಮವರು ಎಂದರೆ ಯಾರು?

ಹೆಂಗಸರಾದ ನಮಗೆ ಇದಕ್ಕೆ ಇನ್ನೊಂದು ಅರ್ಥವೂ ಗೊತ್ತು. ಗಂಡನ ಹೆಸರು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಿದ್ದ ನಮ್ಮ ಹಿರಿಯರು “ನಮ್ಮವರು ಪೇಟೆಗೆ ಹೋಗಿದ್ದಾರೆ” ಎನ್ನುತ್ತಿದ್ದರು. ಈಗಲೂ ಎಷ್ಟೋ ಮನೆಗಳಲ್ಲಿ ಚುನಾವಣೆಗೆ ನಿಂತ ನಮ್ಮವರು ಯಾರೆಂದು ಆ ನಮ್ಮವರೇ ತೀರ್ಮಾನ ಮಾಡಿ, ಬೆಳಗ್ಗಿನ ಚಾ ಕುಡಿಯುವಾಗ ನಮಗೆ ತಿಳಿಸಿಬಿಡುತ್ತಾರೆ, ಅಲ್ಲವೇ?

ಮಕ್ಕಳಿಗೆ ಸರ್ವನಾಮದ ಪಾಠ ಮಾಡುವಾಗ ನಾನು ಒಂದು ಮಾತು ಹೇಳುವುದುಂಟು. ಕನ್ನಡದಲ್ಲಿ ‘ನಾವು’ ಎಂದರೆ ಎದುರಿಗಿರುವವರು ಅದರಲ್ಲಿ ಸೇರಿದ್ದಾರೋ ಇಲ್ಲವೋ ಶಬ್ದದಿಂದ ತಿಳಿಯುವುದಿಲ್ಲ. ತುಳುವಿನಲ್ಲಿ ಹಾಗಲ್ಲ. ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಅವರನ್ನು ಬಿಟ್ಟು ಹೇಳಿದರೆ ‘ಎಂಕುಲು’. ‘ನಮ ಪೋಯಿ’ ಎಂದರೆ ನೀವೂ ಬನ್ನಿ, ಹೋಗೋಣ. ‘ಎಂಕುಲು ಪೋಪ’ ಎಂದರೆ ನಾವು ಹೋಗುತ್ತೇವೆ, ನೀವು ಇಲ್ಲೇ ಇರಿ. ತುಳು ಮಾತಾಡುವವರು ಬಾಯಿ ತೆರೆಯುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಎಂದು ನಿಶ್ಚಯಿಸಿಕೊಳ್ಳಬೇಕು. ನಮ್ಮ ಕ್ಷೇತ್ರದ ರಾಜಕೀಯದ ಕತೆಯೆಂದರೆ ಈ ‘ನಮ’ ಮತ್ತು ‘ಎಂಕುಲು’ಗಳ ನಡುವಿನ ಎಳೆದಾಟವೇ ಎಂದು ನನಗೆ ತೋರುತ್ತದೆ.

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ನೇತ್ರಾವತಿಯ ಸೇತುವೆ ದಾಟಿದರೆ ನಮ್ಮ ಊರು. ಸಯ್ಯಿದ್ ಮದನಿ ದರ್ಗಾ, ಸೋಮೇಶ್ವರದ ಸೋಮನಾಥ ದೇವಸ್ಥಾನ, ಪೆರ್ಮನ್ನೂರಿನ ಇಗರ್ಜಿ ಎಲ್ಲವೂ ಒಂದೇ ರಿಕ್ಷಾ ಬಾಡಿಗೆಯಲ್ಲಿ ಮುಗಿಯುವಷ್ಟು ದೂರದಲ್ಲಿವೆ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಐದೂ ಇಲ್ಲಿ ಮನೆಮಾತು. ತೆಂಕಕ್ಕೆ ತಲಪಾಡಿ ದಾಟಿದರೆ ಕೇರಳ. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆ ಎಳೆದಾಗ ಮಂಜೇಶ್ವರದ ನಂಟರು ಬೇರೆ ರಾಜ್ಯದ ಮತದಾರರಾದರು. ನಂಟಸ್ತಿಕೆ ಹಾಗೇ ಉಳಿಯಿತು. ಗೆರೆ ಎಳೆಯುವವರು ಎಲ್ಲೋ ಇರುತ್ತಾರೆ, ಅದರ ಮೇಲೆ ಬದುಕುವವರು ನಾವು.

ಹೆಸರಿನ ವಿಷಯವೂ ಹಾಗೆಯೇ. ಮೊದಲ ಚುನಾವಣೆಗಳಲ್ಲಿ ಸರಕಾರಿ ಕಾಗದದಲ್ಲಿ ನಾವು ‘ಮಂಗಳೂರು ಎರಡು’. ಆಮೇಲೆ ‘ಉಳ್ಳಾಲ’ ಆದೆವು. 2008ರಲ್ಲಿ ಕ್ಷೇತ್ರಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಪಕ್ಕದ ವಿಟ್ಲ ಕ್ಷೇತ್ರ ಅಳಿಸಿಹೋಯಿತು. ನಮ್ಮ ಕ್ಷೇತ್ರ ಉಳಿಯಿತು, ಆದರೆ ಅದರ ಹೆಸರು ‘ಮಂಗಳೂರು’ ಎಂದಾಯಿತು. ತಮಾಷೆ ನೋಡಿ, ಮಂಗಳೂರು ಪೇಟೆಯ ನಡುವೆ ಇರುವವರು ‘ಮಂಗಳೂರು ನಗರ ಉತ್ತರ’ ಮತ್ತು ‘ದಕ್ಷಿಣ’ಕ್ಕೆ ಓಟು ಹಾಕುತ್ತಾರೆ. ಹೊಳೆಯ ಈಚೆ ದಡದ ನಾವು ಬರೀ ‘ಮಂಗಳೂರು’! ಬಾಯಿಮಾತಿನಲ್ಲಿ ಮಾತ್ರ ಅದು ಇಂದಿಗೂ ಉಳ್ಳಾಲವೇ. ಉಳ್ಳಾಲ ಶ್ರೀನಿವಾಸ ಮಲ್ಯರು ಊರಿನ ಹೆಸರನ್ನು ತಮ್ಮ ಹೆಸರಿನಲ್ಲಿ ಹೊತ್ತುಕೊಂಡೇ ಲೋಕಸಭೆಯಲ್ಲಿ ಉಡುಪಿಯ ಪ್ರತಿನಿಧಿಯಾಗಿದ್ದರು. ಉಡುಪಿಯವರು ಅವರನ್ನು ನಮ್ಮವರಲ್ಲ ಎನ್ನಲಿಲ್ಲ.

ಇಲ್ಲಿ ಗೆದ್ದವರ ಪಟ್ಟಿಯನ್ನು ಒಮ್ಮೆ ಓದಿ ನೋಡಬೇಕು. 1962ರಲ್ಲಿ ಕಮ್ಯುನಿಸ್ಟ್ ಪಕ್ಷದ ಎ. ಕೃಷ್ಣ ಶೆಟ್ಟಿ. 1967ರಲ್ಲಿ ಕಾಂಗ್ರೆಸ್ಸಿನ ಬಿ.ಎಂ. ಇದಿನಬ್ಬ. 1972 ಮತ್ತು 1978ರಲ್ಲಿ ಯು.ಟಿ. ಫರೀದ್. 1983ರಲ್ಲಿ ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷದ ಪಿ. ರಾಮಚಂದ್ರ ರಾವ್. 1985 ಮತ್ತು 1989ರಲ್ಲಿ ಮತ್ತೆ ಇದಿನಬ್ಬ. 1994ರಲ್ಲಿ ಭಾರತೀಯ ಜನತಾ ಪಕ್ಷದ ಜಯರಾಮ ಶೆಟ್ಟಿ. 1999 ಮತ್ತು 2004ರಲ್ಲಿ ಮತ್ತೆ ಫರೀದ್. 2007ರಲ್ಲಿ ಅವರು ತೀರಿಕೊಂಡ ಮೇಲೆ ನಡೆದ ಉಪಚುನಾವಣೆಯಲ್ಲಿ ಅವರ ಮಗ ಯು.ಟಿ. ಖಾದರ್. ಆಮೇಲೆ 2008, 2013, 2018, 2023ರಲ್ಲೂ ಅವರೇ.

1983ರಲ್ಲಿ ನಾನು ಲಂಗ ತೊಟ್ಟು ಶಾಲೆಗೆ ಹೋಗುವ ಹುಡುಗಿ. 1994ರಲ್ಲಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಆ ಹನ್ನೊಂದು ವರ್ಷಗಳ ನಡುವೆ ಇದೇ ಊರು ಕಮ್ಯುನಿಸ್ಟರನ್ನೂ ಕಾಂಗ್ರೆಸ್ಸಿಗರನ್ನೂ ಬಿಜೆಪಿಯವರನ್ನೂ ಗೆಲ್ಲಿಸಿತು. ದರ್ಗಾ, ದೇವಸ್ಥಾನ, ಇಗರ್ಜಿಗಳು ಇದ್ದಲ್ಲೇ ಇದ್ದವು. ಆಗೆಲ್ಲ ಹೆಂಚಿನ ಕಾರ್ಖಾನೆಯ ಕೆಲಸ, ಬೀಡಿಯ ಕೆಲಸ ಎಂದರೆ ಈ ಕಡೆಯ ಎಷ್ಟೋ ಮನೆಗಳ ಅನ್ನ. ಬೀಡಿ ಕಾರ್ಮಿಕರಿಗೆಂದು 1966ರಲ್ಲಿ ಕಾನೂನು ಬಂದಿತ್ತು, ಆದರೆ ಕಾನೂನು ಕಾಗದದಿಂದ ಇಳಿದು ಕೈಗೆ ಸಿಗಬೇಕಾದರೆ ಕೂಗಬೇಕಿತ್ತು. ಒಂದೇ ಬೀಡಿ ಬ್ರಾಂಚಿನ ಎದುರು ಎಲೆ ಮತ್ತು ಹೊಗೆಸೊಪ್ಪಿಗೆ ಕಾದು ನಿಂತ ಹೆಂಗಸರಲ್ಲಿ ಎಲ್ಲ ಜಾತಿಯವರೂ ಇದ್ದರು. ತೂಕದಲ್ಲಿ ಕಡಿಮೆ ಬಂದರೆ, ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ಬದಿಗೆ ಹಾಕಿದರೆ, ನಷ್ಟ ಎಲ್ಲರಿಗೂ ಒಂದೇ. ಆ ಸಾಲಿನಲ್ಲಿ ನಿಂತವಳಿಗೆ ಪಕ್ಕದವಳು ನಮ್ಮವಳು. ಇದಿನಬ್ಬರಂತೂ ಬ್ಯಾರಿ ಮನೆಮಾತಿನ ಕನ್ನಡ ಕವಿ, ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾಗಿದ್ದವರು. ಅವರು ‘ನಮ್ಮ ಕನ್ನಡ’ ಎಂದರೆ ಅದರೊಳಗೆ ಯಾರು ಹೊರಗಿನವರು?

ಈಗ ಈ ಪಟ್ಟಿಯನ್ನು ಓದುವ ರೀತಿ ಬೇರೆ. 2018ರಲ್ಲಿ ದಕ್ಷಿಣ ಕನ್ನಡದ ಎಂಟು ಸ್ಥಾನಗಳಲ್ಲಿ ಏಳು ಬಿಜೆಪಿಗೆ ಹೋಗಿ, ನಮ್ಮದೊಂದೇ ಕಾಂಗ್ರೆಸ್ಸಿಗೆ ಉಳಿಯಿತು. ಆಗ ಸ್ಟಾಫ್ ರೂಮಿನಲ್ಲಿ ಒಬ್ಬರು, “ಅದರಲ್ಲಿ ಆಶ್ಚರ್ಯ ಎಂಥದು ಮಾರಾಯ್ತಿ, ಎಲ್ಲ ತಲೆಲೆಕ್ಕ” ಎಂದರು. ಅವರು ಗಣಿತದ ಟೀಚರ್, ಲೆಕ್ಕ ತಪ್ಪುವವರಲ್ಲ. ಆದರೆ ತಲೆ ಎಣಿಸಿದ ಮಾತ್ರಕ್ಕೆ ತಲೆಯೊಳಗೆ ಏನಿದೆ ಎಂದು ತಿಳಿಯುತ್ತದೆಯೇ? ತಲೆಲೆಕ್ಕವೇ ಎಲ್ಲವೂ ಆಗಿದ್ದರೆ 1962 ಮತ್ತು 1983 ಹೇಗೆ ಬಂದವು? ಇದನ್ನು ಓದುತ್ತಿರುವ ನೀವೂ ಈಗಾಗಲೇ ನನ್ನ ಹೆಸರಿನಲ್ಲಿ, ಮಾತಿನಲ್ಲಿ ನಾನು ಯಾರ ಪೈಕಿ ಎಂದು ಹುಡುಕಿರಬಹುದು. ಬೇಸರವಿಲ್ಲ. ಅದು ನಮ್ಮೆಲ್ಲರ ಅಭ್ಯಾಸವಾಗಿಬಿಟ್ಟಿದೆ. 2006ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಗಲಭೆಯಾಗಿ ಕರ್ಫ್ಯೂ ಬಿದ್ದು ಹೋದ ಮೇಲೆ, ಮಕ್ಕಳು ಬೆಂಚಿನಲ್ಲಿ ಕುಳಿತುಕೊಳ್ಳುವ ಕ್ರಮದಲ್ಲೂ ನಾನು ಅದನ್ನು ಕಂಡಿದ್ದೇನೆ. ಯಾರೂ ಹೇಳಿಕೊಡದೆ ಅವರು ‘ಎಂಕುಲು’ ಕಲಿತಿದ್ದರು.

ಹಾಗೆಂದು ನಮ್ಮವರಿಗೆ ಓಟು ಹಾಕುವುದೆಲ್ಲ ಕೆಟ್ಟದ್ದು ಎಂದು ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಅದಕ್ಕೆ ಕಾರಣ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ ಹಿಡಿದು ಆಕೆ ಶಾಲೆಗೆ ಬಂದಿದ್ದರು. ಮಾತು ಚುನಾವಣೆಯತ್ತ ಹೊರಳಿತು. ಜಾತಿ, ಧರ್ಮ ನೋಡದೆ ಯೋಗ್ಯರನ್ನು ಆರಿಸಬೇಕು ಎಂದು ನಾನು ಪುಸ್ತಕದಲ್ಲಿರುವುದನ್ನೇ ಹೇಳಿದೆ. ಆಕೆ ನಕ್ಕರು. “ನಿಮಗೆ ಯಾರು ಬಂದರೂ ಆಗ್ತದೆ ಟೀಚರ್. ನೀವು ಆಫೀಸಿಗೆ ಹೋದರೆ ಕುರ್ಚಿ ಕೊಡ್ತಾರೆ. ನಾನು ಹೋದರೆ ನಾಳೆ ಬಾ ಅಂತಾರೆ. ನನ್ನ ಭಾಷೆಯಲ್ಲಿ ಮಾತಾಡಿದರೆ ಕೇಳುವವರು, ಬಾಗಿಲು ತೆರೆಯುವವರು ಒಬ್ಬರು ಬೇಡವಾ?” ಅವರ ಬೆರಳ ತುದಿಗೆ ಹೊಗೆಸೊಪ್ಪಿನ ಕಂದು ಬಣ್ಣ ಹತ್ತಿತ್ತು. ನನ್ನ ಪುಸ್ತಕದ ಮಾತಿಗಿಂತ ಆ ಮಾತಿಗೆ ತೂಕ ಹೆಚ್ಚು. ಹೊಟ್ಟೆ ತುಂಬಿದವರಿಗೆ ನಿಷ್ಪಕ್ಷಪಾತ ಸುಲಭ. ಬಾಗಿಲು ಮುಚ್ಚಿರುವ ಕಡೆ ಒಳಗೊಬ್ಬ ಪರಿಚಯದವರು ಇರಲಿ ಎಂದು ಬಯಸುವುದು ದುರಾಸೆಯಲ್ಲ.

ಆ ತಾಯಿಯ ಮಾತನ್ನು ಎಷ್ಟೋ ದಿನ ಯೋಚಿಸಿದೆ. ಆಕೆ ಕೇಳಿದ್ದು ಬಾಗಿಲು ತೆರೆಯುವವರನ್ನು. ಆದರೆ ಒಳಗೆ ನಮ್ಮವರು ಇರುವುದರಿಂದ ತೆರೆಯುವ ಬಾಗಿಲು, ಅವರು ಸೋತ ದಿನ ಮುಚ್ಚಿಕೊಳ್ಳುತ್ತದೆ. ಆಗ ಪಕ್ಕದ ಮನೆಯವಳ ಬಾಗಿಲು ತೆರೆದುಕೊಳ್ಳುತ್ತದೆ. ಹೀಗೆ ಸರದಿಯಂತೆ ಒಬ್ಬಳು ಒಳಗೆ, ಒಬ್ಬಳು ಬಿಸಿಲಿನಲ್ಲಿ. ವಿದ್ಯಾರ್ಥಿವೇತನ ಅವಳ ಮಗಳ ಹಕ್ಕು. ಹಕ್ಕನ್ನು ಉಪಕಾರವಾಗಿ ಪಡೆದವಳು ಮುಂದಿನ ಚುನಾವಣೆಯಲ್ಲಿ ಋಣ ತೀರಿಸಬೇಕಾಗುತ್ತದೆ. ನಮ್ಮವರು ಎಂಬ ಮಾತಿನಲ್ಲಿ ಬಡವಳಿಗೆ ಸಿಗುವ ಆಸರೆ ಎಷ್ಟು ನಿಜವೋ, ಈ ಋಣವೂ ಅಷ್ಟೇ ನಿಜ.

ಬ್ರಿಟಿಷರ ಕಾಲದಲ್ಲಿ, 1909ರ ಸುಧಾರಣೆಯಿಂದ, ಮುಸಲ್ಮಾನರಿಗೆ ಪ್ರತ್ಯೇಕ ಮತದಾರರ ಪಟ್ಟಿ ಇತ್ತು. ಆಗ ನಮ್ಮವರು ನಮ್ಮವರಿಗೇ ಓಟು ಹಾಕುವುದೇ ಕಾನೂನು. ನಮ್ಮ ಸಂವಿಧಾನ ಅದನ್ನು ಒಪ್ಪಲಿಲ್ಲ. ಒಂದು ಕ್ಷೇತ್ರಕ್ಕೆ ಒಂದೇ ಪಟ್ಟಿ, ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ ಎಂದು 325ನೆಯ ವಿಧಿ ಹೇಳುತ್ತದೆ. ಮತಗಟ್ಟೆಯ ಕೆಲಸಕ್ಕೆ ಹೋದಾಗ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತಿದ್ದೇನೆ. ಮೀನು ಮಾರುವವಳು, ಬುರ್ಖಾ ತೊಟ್ಟವಳು, ಕೊರಳಲ್ಲಿ ಶಿಲುಬೆ ಇರುವವಳು ಎಲ್ಲರೂ ಕ್ರಮಸಂಖ್ಯೆಯಲ್ಲಿ ಒಬ್ಬರ ಕೆಳಗೆ ಒಬ್ಬರು. ಎಲ್ಲರ ಎಡಗೈ ತೋರುಬೆರಳಿಗೂ ಅದೇ ಮೈಸೂರಿನ ಶಾಯಿ. ಆ ಪಟ್ಟಿಯ ಭಾಷೆ ‘ನಮ’. ಅದನ್ನು ‘ಎಂಕುಲು’ ಎಂದು ಓದುವವರು ನಾವು.

ಇನ್ನೊಂದು ಮಾತು, ಇದು ನಮ್ಮ ನಮ್ಮೊಳಗೆ. ಮೇಲಿನ ಪಟ್ಟಿಯಲ್ಲಿ ಒಬ್ಬಳಾದರೂ ಹೆಂಗಸಿನ ಹೆಸರು ಕಂಡಿತೇ? ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು ಇದು. ಅಳಿಯಕಟ್ಟಿನ ನಾಡು, ವಂಶ ನಡೆದದ್ದು ಹೆಣ್ಣಿನ ಕಡೆಯಿಂದ. ಅಬ್ಬಕ್ಕನ ಹೆಸರಿನಲ್ಲಿ ಉತ್ಸವ ಮಾಡುತ್ತೇವೆ. ಆದರೆ ಇಲ್ಲಿಂದ ವಿಧಾನಸಭೆಗೆ ಹೋದವರೆಲ್ಲ ಗಂಡಸರೇ. ಪಕ್ಕದ ಪುತ್ತೂರಿನಿಂದ ಶಕುಂತಳಾ ಶೆಟ್ಟಿ, ಮಲ್ಲಿಕಾ ಪ್ರಸಾದ್ ಹೋಗಿದ್ದಾರೆ, 2023ರಲ್ಲಿ ಸುಳ್ಯದಿಂದ ಭಾಗೀರಥಿ ಮುರುಳ್ಯ ಹೋದರು. ಅದೇ ವರ್ಷ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನಗಳೆಂದು ಸಂವಿಧಾನಕ್ಕೆ ತಿದ್ದುಪಡಿಯೂ ಆಯಿತು, ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ವಿಂಗಡಣೆಗೆ ಕಟ್ಟಿಹಾಕಲಾಯಿತು. ನಾಳೆ ಒಬ್ಬ ಹೆಂಗಸು ಇಲ್ಲಿ ನಿಂತರೆ ಆಕೆ ನಮ್ಮವಳೇ? ಬೇರೆ ಧರ್ಮದವಳಾದರೂ ನಮ್ಮವಳೇ? ಹೆಣ್ಣು ಎಂಬ ಒಂದೇ ಕಾರಣಕ್ಕೆ ಹೌದು ಎಂದರೆ, ಹುಟ್ಟನ್ನು ನೋಡಿ ಓಟು ಹಾಕುವವರಿಗೂ ನಮಗೂ ಏನು ವ್ಯತ್ಯಾಸ? ಉತ್ತರ ಸುಲಭವಲ್ಲ. ಆದರೆ ಈ ಪ್ರಶ್ನೆ ನಮ್ಮ ಮೈಗೆ ತಾಗಿದಾಗ ಬೇರೆಯವರ ‘ನಮ್ಮವರು’ ಕೂಡ ಸ್ವಲ್ಪ ಅರ್ಥವಾಗುತ್ತದೆ.

ಹರೇಕಳದ ಹಾಜಬ್ಬರು ಇದೇ ಕ್ಷೇತ್ರದವರು. ಕಿತ್ತಳೆ ಮಾರಿ ಬದುಕಿದವರು, ಓದು ಬರಹ ಇಲ್ಲದವರು, ತಮ್ಮ ಊರಿಗೆ ಶಾಲೆ ತಂದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಅವರನ್ನು ಯಾರೂ ಓಟು ಹಾಕಿ ಆರಿಸಿರಲಿಲ್ಲ. ಆದರೂ ಅವರ ಹೆಸರು ಹೇಳುವಾಗ ಎಲ್ಲರೂ “ನಮ್ಮ ಹಾಜಬ್ಬ” ಎನ್ನುತ್ತಾರೆ. ತುಳುವಿನಲ್ಲಿ ಹೇಳಿದರೂ ಅದು ‘ನಮ್ಮ’ ಎಂದೇ ಬರುತ್ತದೆ, ‘ಎಂಕ್ಲೆನ’ ಎಂದಲ್ಲ. ಮಾಡಿದ ಕೆಲಸದಿಂದ ಎಲ್ಲರಿಗೂ ನಮ್ಮವರಾಗಲು ಬರುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ.

ನಾನು ಯಾರಿಗೆ ಓಟು ಹಾಕಿದೆನೆಂದು ಇಲ್ಲಿ ಹೇಳುವುದಿಲ್ಲ. ಮನೆಯಲ್ಲೂ ಹೇಳಿಲ್ಲ. ಗಂಡ, ಅತ್ತೆ, ಮಗ ಯಾರೂ ಇಣುಕದ ಜಾಗ ನಮಗೆ ಬದುಕಿನಲ್ಲಿ ಎಷ್ಟಿದೆ? ಅದರಲ್ಲಿ ಆ ರಟ್ಟಿನ ಮರೆ ಒಂದು. ಆದರೆ ಅಭ್ಯರ್ಥಿಗಳು ಕೈಮುಗಿದುಕೊಂಡು ಅಂಗಳಕ್ಕೆ ಬಂದಾಗ ಒಂದು ಪ್ರಶ್ನೆಯನ್ನು ಎಲ್ಲರೂ ಗಟ್ಟಿಯಾಗಿ ಕೇಳಬಹುದು. ಮಳೆಗಾಲದಲ್ಲಿ ಉಚ್ಚಿಲ, ಸೋಮೇಶ್ವರದ ಕಡೆ ಕಡಲು ಅಂಗಳಕ್ಕೆ ನುಗ್ಗಿದಾಗ, ನಿಮಗೆ ಓಟು ಹಾಕದವಳ ಮನೆಗೂ ಮೊದಲ ದಿನವೇ ಬರುತ್ತೀರಾ? ಅವರು ಉತ್ತರಿಸುವ ಮೊದಲು ಪಕ್ಕದ ಮನೆಯವಳನ್ನೂ ಕರೆದು ನಿಲ್ಲಿಸಿಕೊಳ್ಳಿ, ಅವಳೂ ಕೇಳಿಸಿಕೊಳ್ಳಲಿ.