ಕೈಯ ಕುಶಲತೆ, ಮನಸ್ಸಾಕ್ಷಿಯ ಪ್ರಶ್ನೆ

ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲೇ ಬಂದೂಕನ್ನು ಜೋಡಿಸಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಅನೇಕರಿಗಿದೆ. ಅನೇಕ ಅರೆ-ಸ್ವಯಂಚಾಲಿತ ಬಂದೂಕುಗಳಲ್ಲಿ ಗುಂಡು ಹಾರಿದಾಗ ಹುಟ್ಟುವ ಅನಿಲದ ಒಂದು ಪಾಲು ನಳಿಗೆಯ ಕಿರುರಂಧ್ರದಿಂದ ಹರಿದು ಒಳಗಿನ ಭಾಗಗಳನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ತೋಟಾ ಹೊರಬಿದ್ದು ಮುಂದಿನದು ಒಳಸೇರುತ್ತದೆ. ಅನಿಲ ಕಡಿಮೆಯಾದರೆ ಯಂತ್ರ ತಡವರಿಸುತ್ತದೆ, ಹೆಚ್ಚಾದರೆ ಭಾಗಗಳು ಬೇಗ ಸವೆಯುತ್ತವೆ. ಈ ಹದಕ್ಕಾಗಿ ಹವ್ಯಾಸಿಗಳು ತೋರುವ ತಾಳ್ಮೆ ಮೆಚ್ಚತಕ್ಕದ್ದೇ. ಆದರೆ ಕೆಲಸ ಸರಿಯಾಯಿತೆಂದ ಮಾತ್ರಕ್ಕೆ ಕೆಲಸಗಾರನ ಹೊಣೆ ತೀರಿತೇ?

ಸಂತ ಥಾಮಸ್ ಅಕ್ವಿನಾಸರು ಇಲ್ಲಿ ಒಂದು ಭೇದವನ್ನು ಕಾಣಿಸುತ್ತಾರೆ. ವಸ್ತುವನ್ನು ಚೆನ್ನಾಗಿ ನಿರ್ಮಿಸುವ ಅರಿವು ಕಲೆ. ಚೆನ್ನಾಗಿ ನಡೆದುಕೊಳ್ಳುವ ಅರಿವು ವಿವೇಕ. ಕಲೆಗೆ ಕೈ ಪಳಗಿದ್ದರೆ ಸಾಕು, ವಿವೇಕಕ್ಕೆ ಸಂಕಲ್ಪವೂ ಶುದ್ಧವಾಗಿರಬೇಕು.

ಮಿಖಾಯಿಲ್ ಕಲಾಶ್ನಿಕೋವ್ ಅವರ ಬಾಳು ಇದಕ್ಕೆ ನಿದರ್ಶನ. 1941ರ ಯುದ್ಧದಲ್ಲಿ ಗಾಯಗೊಂಡ ಆ ಯೋಧ ತಾಯ್ನಾಡಿನ ರಕ್ಷಣೆಗೆಂದೇ ಬಂದೂಕಿನ ವಿನ್ಯಾಸಕ್ಕೆ ತೊಡಗಿದರು. ಅನಿಲದ ಬಲದಿಂದ ನಡೆಯುವ ಅವರ ಎಕೆ-47 ಕೆಸರು, ಧೂಳುಗಳಲ್ಲೂ ಕೆಡದೆ ಲೋಕವೆಲ್ಲ ಹರಡಿತು. ಕಲೆ ಪೂರ್ಣಗೊಂಡಿತ್ತು. ಆದರೆ ತೊಂಬತ್ತು ದಾಟಿದ ಮೇಲೆ, ಅವರು ರಷ್ಯದ ಆರ್ಥೊಡಾಕ್ಸ್ ಧರ್ಮಸಭೆಯ ಪೇಟ್ರಿಯಾರ್ಕ್ ಕಿರಿಲ್ಲರಿಗೆ ಪತ್ರ ಬರೆದು, ತಮ್ಮ ಬಂದೂಕು ತೆಗೆದ ಪ್ರಾಣಗಳಿಗೆ ತಾವೂ ದೋಷಿಯೇ ಎಂದು ಆತ್ಮವೇದನೆಯಿಂದ ಕೇಳಿದರು. 2013ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಮರುತಿಂಗಳು ಪತ್ರ ಬೆಳಕಿಗೆ ಬಂತು. ಆಯುಧವು ದೇಶರಕ್ಷಣೆಗೆ ನೆರವಾದಾಗ ಧರ್ಮಸಭೆಯು ಅದರ ನಿರ್ಮಾಪಕರನ್ನೂ ಯೋಧರನ್ನೂ ಬೆಂಬಲಿಸುತ್ತದೆಂದು ಪೇಟ್ರಿಯಾರ್ಕರ ವಕ್ತಾರರು ನುಡಿದರು.

ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಅನ್ಯರು ಹಾರಿಸಿದ ಒಂದೊಂದು ಗುಂಡಿನ ಪಾಪವನ್ನೂ ನಿರ್ಮಾಪಕನ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಾಕುವಿನಿಂದಲೂ ಕೊಲೆಯಾಗುತ್ತದೆ ಎಂಬ ವಾದವೂ ಉಂಟು. ಆದರೆ ಚಾಕುವಿನ ಗುಣ ತರಕಾರಿ ಹೆಚ್ಚುವಾಗಲೂ ಪೂರ್ಣವಾಗಿಯೇ ಪ್ರಕಟವಾಗುತ್ತದೆ. ಈ ಬಂದೂಕಿನ ವಿಶೇಷ ಗುಣವಾದರೋ ಎರಡು ಗುಂಡುಗಳ ನಡುವಿನ ಬಿಡುವನ್ನು ಅಳಿಸುವುದೇ. ಹಳೆಯ ಬಂದೂಕಿನಲ್ಲಿ ಪ್ರತಿ ಬಾರಿಯೂ ಕೈ ಮತ್ತೆ ತೋಟಾ ತುಂಬಬೇಕಿತ್ತು. ಮನಸ್ಸು ಹಿಂದೆಗೆಯಲು ಅಷ್ಟಾದರೂ ಅವಕಾಶವಿತ್ತು. ಈಗ ಆ ಕೆಲಸವನ್ನು ಅನಿಲವೇ ಮಾಡುತ್ತದೆ.

ಯಂತ್ರದಿಂದ ಬಿಡುವನ್ನು ಕಿತ್ತುಕೊಂಡವನು ಅದನ್ನು ತನ್ನೊಳಗೆ ಉಳಿಸಿಕೊಳ್ಳಬೇಕು. ಇದು ಯಾರ ಕೈಸೇರೀತು, ಎಲ್ಲಿ ಭದ್ರವಾಗಿದ್ದೀತು, ನನಗೇಕೆ ಬೇಕು ಎಂದು ಕೆಲಸದ ಮೇಜಿನ ಬಳಿಯೇ ಕೇಳಿಕೊಳ್ಳಬೇಕು. ಕಲಾಶ್ನಿಕೋವರನ್ನು ಖಂಡಿಸಲು ನಾವು ಯಾರು? ಇಳಿವಯಸ್ಸಿನಲ್ಲಾದರೂ ಅವರು ಕೇಳಿದರು. ಏನನ್ನೇ ನಿರ್ಮಿಸುವವರಾಗಲಿ, ನಾವು ಅಷ್ಟು ತಡಮಾಡದಿರೋಣ.