ದಯೆ ಕಾನೂನಿಗೆ ಹೊರಗಿನದೇ?



ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನಮಗೆ ಮುಂಡಗೋಡ ನೆರೆಯ ತಾಲೂಕು. 1959ರಲ್ಲಿ ನಾಡು ತೊರೆದ ಟಿಬೆಟಿನವರಿಗೆ 1966ರಲ್ಲಿ ಅಲ್ಲಿ ನೆಲೆ ಸಿಕ್ಕಿತು. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆದರೂ ಭೂಮಿ ಕೊಟ್ಟಿತು. ಇದು ನ್ಯಾಯವೋ, ಬರೀ ದಯೆಯೋ?

ಕೆನಡಾ ದೇಶದ ಕಾನೂನಿನಲ್ಲಿ ದಯೆಗೂ ಒಂದು ಕಲಮು ಇದೆ. ನಿಯಮದಂತೆ ಅರ್ಹತೆ ಇಲ್ಲದವರೂ ಮಾನವೀಯ ಕಾರಣ ತೋರಿಸಿ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಜಮೈಕಾದಿಂದ ಬಂದು ಮನೆಗೆಲಸ ಮಾಡಿಕೊಂಡಿದ್ದ ಮೇವಿಸ್ ಬೇಕರ್ ಎಂಬ ತಾಯಿಯ ಅರ್ಜಿ ತಿರಸ್ಕೃತವಾಯಿತು. ಅಲ್ಲೇ ಹುಟ್ಟಿದ ಆಕೆಯ ನಾಲ್ಕು ಮಕ್ಕಳ ಹಿತವನ್ನು ಅಧಿಕಾರಿ ಲಕ್ಷಿಸಲಿಲ್ಲವೆಂದು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿರ್ಣಯವನ್ನು ರದ್ದುಪಡಿಸಿ, ಬೇರೆ ಅಧಿಕಾರಿ ಮತ್ತೆ ವಿಚಾರಿಸಲಿ ಎಂದಿತು.

"ಸರದಿಯಲ್ಲಿ ನಿಂತವರಿಗೆ ಇದು ಅನ್ಯಾಯವಲ್ಲವೇ ಫಾದರ್?" ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯೇ. ಮುಖ ನೋಡಿ ಮಣೆ ಹಾಕಿದರೆ ಅದು ದಯೆಯಲ್ಲ, ಪಕ್ಷಪಾತ. ಆದರೆ ಸಂತ ತೋಮಸ್ ಅಕ್ವಿನಾಸರು ಕಲಿಸುವಂತೆ, ಕಾನೂನು ಸಾಮಾನ್ಯ ಸಂದರ್ಭಗಳಿಗಾಗಿ ಮಾಡಿದ್ದು. ಅದರ ಅಕ್ಷರವೇ ಅದರ ಉದ್ದೇಶವನ್ನು ಕೆಡಿಸುವ ಕಡೆ ಉದ್ದೇಶವನ್ನು ಹಿಡಿಯುವುದೇ ಸದ್ಗುಣ. ದಯೆ ನ್ಯಾಯವನ್ನು ಅಳಿಸದು, ಅದನ್ನು ಪೂರ್ಣಗೊಳಿಸುತ್ತದೆ. ಆ ತಾಯಿಗೆ ದೊರೆತದ್ದು ಭಿಕ್ಷೆಯಲ್ಲ, ಮಕ್ಕಳನ್ನೂ ಲೆಕ್ಕಕ್ಕಿಟ್ಟು ವಿಚಾರಿಸುವ ನ್ಯಾಯ.

ಈಜಿಪ್ಟಿಗೆ ಓಡಿದ ಪವಿತ್ರ ಕುಟುಂಬವೂ ಪರದೇಶಿ ಕುಟುಂಬವೇ. ನಾಳೆ ಕಬ್ಬು ಕಡಿಯಲೋ ಇಟ್ಟಿಗೆ ಸುಡಲೋ ಪರವೂರಿನವರು ನಮ್ಮೂರಿಗೆ ಬಂದರೆ, ಮೊದಲು ಕಾರ್ಡು ಕೇಳುತ್ತೇವೋ, ಅವರ ಮಕ್ಕಳು ಉಂಡರೇ ಎಂದು ಕೇಳುತ್ತೇವೋ? ಕಡೆಯ ದಿನ ಯೇಸುಸ್ವಾಮಿ ನಮ್ಮನ್ನು ವಿಚಾರಿಸುವುದು ಇದನ್ನೇ.